ಮತದಾರರ ಪಟ್ಟಿಯಲ್ಲಿಲ್ಲದ ಶಿಕ್ಷಕರ ಪರವಾಗಿ

ಕರ್ನಾಟಕ ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರಗಳಿಂದ ಆಯ್ಕೆಯಾಗಿರುವ ಏಳು ಮಂದಿ ಸದಸ್ಯರಿಗೆ,



75 ಸ್ಥಾನಗಳ ಪರಿಷತ್ತಿನಲ್ಲಿ ಏಳು ಜನರನ್ನು ಶಿಕ್ಷಕರೇ ಆರಿಸಿ ಕಳಿಸುತ್ತಾರೆ. ಆಗ್ನೇಯ, ಬೆಂಗಳೂರು, ದಕ್ಷಿಣ, ನೈರುತ್ಯ, ಪಶ್ಚಿಮ, ವಾಯವ್ಯ, ಈಶಾನ್ಯ. ರಾಜ್ಯದ ಯಾವ ಊರಿನ ಶಾಲೆಯೂ ನಿಮ್ಮ ಈ ಕ್ಷೇತ್ರಗಳ ಹೊರಗೆ ಉಳಿದಿಲ್ಲ. ಆದರೆ ಆ ಶಾಲೆಗಳಲ್ಲಿ ಪಾಠ ಹೇಳುವವರೆಲ್ಲ ನಿಮ್ಮ ಮತದಾರರಲ್ಲ. ಸಂವಿಧಾನದ 171ನೇ ವಿಧಿಯ ಪ್ರಕಾರ ಪ್ರೌಢಶಾಲೆ ಅಥವಾ ಅದಕ್ಕೂ ಮೇಲಿನ ಹಂತದಲ್ಲಿ ಕನಿಷ್ಠ ಮೂರು ವರ್ಷ ಕಲಿಸಿದವರಿಗೆ ಮಾತ್ರ ಈ ಮತದ ಹಕ್ಕು. ಒಂದನೇ ತರಗತಿಯಲ್ಲಿ ಅಕ್ಷರ ತಿದ್ದಿಸುವವರು ಪಟ್ಟಿಯಲ್ಲಿಲ್ಲ. ಬೌದ್ಧಿಕ ವಿಕಲತೆಯ ಮಕ್ಕಳಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುವವರು ಇಲ್ಲ. ಶಾಲೆಗೆ ಬರಲಾಗದ ಮಗುವಿನ ಮನೆಯ ಜಗಲಿಯ ಮೇಲೆ ಕೂತು ಗೃಹಾಧಾರಿತ ಶಿಕ್ಷಣ ಕೊಡುವವರಲ್ಲಿ ಬಹುಪಾಲು ಮಂದಿಯೂ ಇಲ್ಲ. ಅವರ ಕೆಲಸದ ಬಗ್ಗೆ, ಆ ಕೆಲಸಕ್ಕೆ ಬೇಕಾದ ತರಬೇತಿಯ ಬಗ್ಗೆ, ಆ ತರಬೇತಿಗೆ ಸರ್ಕಾರ ಹಣ ಹಾಕಬೇಕಾದ ರೀತಿಯ ಬಗ್ಗೆ ನಿಮ್ಮಲ್ಲಿ ಹೇಳಿಕೊಳ್ಳಲು ಈ ಪತ್ರ.

ನಾನು ಶ್ರವಣದೋಷವಿರುವ ಮಕ್ಕಳಿಗೆ ಪಾಠ ಹೇಳಿದವಳು. ಈಗ ಆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತೇನೆ. ನಿಮ್ಮಲ್ಲಿ ಹಲವರು ನಿಮ್ಮ ಮತದಾರರ ಜೊತೆ ವೇತನ, ಪಿಂಚಣಿ, ಬಡ್ತಿ, ವರ್ಗಾವಣೆಯ ಪ್ರಶ್ನೆಗಳಲ್ಲಿ ದೃಢವಾಗಿ ನಿಂತದ್ದನ್ನು ನೋಡಿದ್ದೇನೆ. ಆ ದೃಢತೆ ಇವರಿಗೂ ಬೇಕಾಗಿದೆ.

ಮೊದಲು ಈ ಕೆಲಸ ಏನೆಂದು ಹೇಳುತ್ತೇನೆ. ವಿಶೇಷ ಶಿಕ್ಷಕರಿಗೆ ಬೇಕಾದ ಮುಖ್ಯ ಅರ್ಹತೆ ತಾಳ್ಮೆ, ಮಮತೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ತಾಳ್ಮೆ ಬೇಕು, ನಿಜ. ಆದರೆ ತಾಳ್ಮೆಯೊಂದರಿಂದಲೇ ಕಿವಿ ಕೇಳದ ಮಗುವಿಗೆ ಕನ್ನಡ ಬರುವುದಿಲ್ಲ. ಕನ್ನಡಿಯ ಮುಂದೆ ನಿಂತು ದನಿಯಿಲ್ಲದೆ ಮೂರು ಪದ ಹೇಳಿ ನೋಡಿ: ಪಾವು, ಬಾವು, ಮಾವು. ತುಟಿಯ ಚಲನೆ ಮೂರಕ್ಕೂ ಒಂದೇ. ತುಟಿ ನೋಡಿ ಮಾತು ಹಿಡಿಯುವ ಮಗುವಿಗೆ ಅಕ್ಕಿ ಅಳೆಯುವ ಪಾವೂ ಕಾಲಿನ ಬಾವೂ ಮರದ ಮಾವೂ ಒಂದೇ ಆಗಿ ಕಾಣುತ್ತವೆ. ಮೂಗಿನ ಮೇಲೆ ಬೆರಳಿಟ್ಟು ‘ಮ’ದ ಕಂಪನ ತೋರಿಸಬೇಕು. ಅಂಗೈ ಮುಂದೆ ‘ಪ’ದ ಉಸಿರು ತಾಕಿಸಬೇಕು. ಗಂಟಲು ಮುಟ್ಟಿಸಿ ‘ಬ’ದ ದನಿ ಗೊತ್ತುಮಾಡಿಸಬೇಕು. ಇದೆಲ್ಲ ಒಂದು ಅಕ್ಷರವರ್ಗದ ಕಥೆ. ಮುಂದೆ ವಿಭಕ್ತಿ ಪ್ರತ್ಯಯಗಳು ಬರುತ್ತವೆ. ನಮ್ಮ ನುಡಿಯಲ್ಲಿ ಅರ್ಥ ಹೊರುವ ತುದಿಗಳೆಲ್ಲ ಪದದ ಕೊನೆಯಲ್ಲಿ ಇರುತ್ತವೆ. ಮಾತಾಡುವಾಗ ನಾವು ದನಿ ತಗ್ಗಿಸುವುದೂ ಅಲ್ಲೇ. ಶ್ರವಣಸಾಧನ ಹಾಕಿದ ಮಗುವಿಗೂ ‘ಶಾಲೆಗೆ’, ‘ಶಾಲೆಯಿಂದ’, ‘ಶಾಲೆಯಲ್ಲಿ’ ಮೂರೂ ‘ಶಾಲೆ’ ಎಂದೇ ಕೇಳಿಸಬಹುದು. ಅದು ‘ನಾನು ಶಾಲೆ ಹೋಗು’ ಎಂದು ಬರೆದರೆ, ಅದಕ್ಕೆ ಬುದ್ಧಿ ಕಡಿಮೆ ಎಂದು ಭಾವಿಸದ ಶಿಕ್ಷಕರು ಬೇಕು. ಪ್ರತ್ಯಯ ಕೇಳಿಸಿಲ್ಲ, ಹಾಗಾಗಿ ಕಣ್ಣಿಗೆ ಕಾಣಿಸಬೇಕು ಎಂದು ಅರಿತು ಬಣ್ಣದ ಪಟ್ಟಿಯ ಮೇಲೆ ಆ ‘ಗೆ’ಯನ್ನು ಬರೆದು ತೋರಿಸುವವರು ಬೇಕು. ಸಂಕೇತ ಭಾಷೆ ಬಲ್ಲ ಮಗುವಾದರೆ ಅದರ ಭಾಷೆಯಲ್ಲೇ ವಿಷಯ ಹೇಳಿ, ಅಲ್ಲಿಂದ ಬರಹದ ಕನ್ನಡಕ್ಕೆ ಕರೆತರಬೇಕು. ಇದಕ್ಕೆ ಶಿಕ್ಷಕಿಗೆ ಸಂಕೇತ ಭಾಷೆಯೂ ಬರಬೇಕು, ಕನ್ನಡ ವ್ಯಾಕರಣವೂ ಬರಬೇಕು, ಶ್ರವಣಸಾಧನದ ಅಚ್ಚು ಕಿವಿಗೆ ಸರಿಯಾಗಿ ಕೂತಿದೆಯೇ ಎಂದು ನೋಡಲೂ ಗೊತ್ತಿರಬೇಕು.

ಬ್ರೈಲ್ ಇನ್ನೊಂದು ಲೋಕ. ಕಣ್ಣಿರುವ ಮಗುವಿಗೆ ‘ಅಕ್ಕ’ ಬರೆಸುವಾಗ ‘ಕ’ ಬರೆದು ಅದರ ಕೆಳಗೆ ಒತ್ತು ಕೊಡು ಎನ್ನುತ್ತೇವೆ. ಬ್ರೈಲ್‌ನಲ್ಲಿ ‘ಕೆಳಗೆ’ ಎಂಬುದೇ ಇಲ್ಲ. ಭಾರತಿ ಬ್ರೈಲ್‌ನಲ್ಲಿ ಸ್ವರ ಕಳೆದುಕೊಳ್ಳುವ ವ್ಯಂಜನದ ಮುಂದೆ ಒಂದು ಚುಕ್ಕೆಯ ಗುರುತು ಬರುತ್ತದೆ, ಆಮೇಲೆ ‘ಕ’, ಮತ್ತೆ ‘ಕ’, ಎಲ್ಲವೂ ಒಂದೇ ಸಾಲಿನಲ್ಲಿ. ಕಾಗುಣಿತದ ಗುಡಿಸು, ಕೊಂಬುಗಳಿಗೂ ಅಲ್ಲಿ ಆಕಾರ ಇಲ್ಲ. ವ್ಯಂಜನದ ನಂತರ ಸ್ವರ ತನ್ನ ಪೂರ್ಣ ರೂಪದಲ್ಲೇ ಬಂದು ಕೂರುತ್ತದೆ. ಸ್ಲೇಟು, ಸ್ಟೈಲಸ್‌ಗಳಲ್ಲಿ ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಬ್ರೈಲ್ ಬಾರದ ಶಿಕ್ಷಕರು ಎಷ್ಟೇ ಮಮತೆಯಿಂದ ‘ಒತ್ತು ಕೆಳಗೆ ಬರೀ ಪುಟ್ಟಾ’ ಎಂದರೂ ಮಗು ತಬ್ಬಿಬ್ಬಾಗುತ್ತದೆ.

ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ನೀರು ಕುಡಿಸುವಾಗ ಅಕ್ಕರೆಯಿಂದ ತಲೆ ಹಿಂದಕ್ಕೆ ಬಾಗಿಸುವವರಿದ್ದಾರೆ. ಆ ಭಂಗಿಯಲ್ಲಿ ನೀರು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಇಲ್ಲಿ ತರಬೇತಿಯ ಕೊರತೆ ಅಂಕಪಟ್ಟಿಯ ವಿಷಯವಾಗಿ ಉಳಿಯುವುದಿಲ್ಲ, ಮಗುವಿನ ಪ್ರಾಣಕ್ಕೇ ಬರುತ್ತದೆ. ಬೌದ್ಧಿಕ ವಿಕಲತೆಯ ಮಗುವಿಗೆ ಅಂಗಿ ತೊಡುವುದನ್ನು ಕಲಿಸುವಾಗ ನಾವು ಕೊನೆಯಿಂದ ಶುರುಮಾಡುತ್ತೇವೆ. ಉಳಿದೆಲ್ಲ ಗುಂಡಿ ನಾವೇ ಹಾಕಿ ಕೊನೆಯದೊಂದನ್ನು ಮಗುವಿಗೆ ಬಿಡುತ್ತೇವೆ. ಕೆಲಸ ಮುಗಿಸಿದ ಸಂತೋಷ ಮಗುವಿಗೆ ಮೊದಲ ದಿನವೇ ಸಿಗುತ್ತದೆ. ನಾಳೆ ಕೊನೆಯ ಎರಡು, ನಾಡಿದ್ದು ಮೂರು. ಈ ಕ್ರಮ ಯಾರಿಗೂ ತಾನಾಗಿ ಹೊಳೆಯುವುದಿಲ್ಲ. ಕಲಿಯಬೇಕು, ಬಲ್ಲವರ ಎದುರು ಮಾಡಿ ತೋರಿಸಬೇಕು, ತಿದ್ದಿಸಿಕೊಳ್ಳಬೇಕು. ವಿಶೇಷ ಶಿಕ್ಷಣದ ಡಿ.ಇಡಿ. ಎರಡು ವರ್ಷ ಇರುವುದು ಇದಕ್ಕಾಗಿ.

ಇಷ್ಟು ಕಲಿಸಬೇಕಾದ ತರಬೇತಿಗೆ ಯಾರು ಹೊಣೆ ಎಂದು ಕೇಳಿದರೆ ಉತ್ತರ ಮೂರು ದಿಕ್ಕಿಗೆ ಹೋಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿದ್ದು, ನಮ್ಮ ರಾಜ್ಯದ ಹೆಮ್ಮೆ. ಶ್ರವಣದೋಷದ ಮಕ್ಕಳ ಶಿಕ್ಷಕರನ್ನೂ ಅದು ತಯಾರುಮಾಡುತ್ತದೆ. ಅದು ಕೇಂದ್ರದ ಆರೋಗ್ಯ ಸಚಿವಾಲಯದ ಅಡಿ ಬರುತ್ತದೆ. ಕೋರ್ಸಿಗೆ ಮಾನ್ಯತೆ ಕೊಟ್ಟು, ಪಾಸಾದವರ ಹೆಸರನ್ನು ನೋಂದಾಯಿಸಿಕೊಳ್ಳುವ ಭಾರತೀಯ ಪುನರ್ವಸತಿ ಪರಿಷತ್ತು, ನಾವೆಲ್ಲ ಆರ್‌ಸಿಐ ಎನ್ನುವುದು, 1992ರ ಕಾಯ್ದೆಯಿಂದ ಬಂದದ್ದು, ಸಾಮಾಜಿಕ ನ್ಯಾಯ ಸಚಿವಾಲಯದ ಅಡಿ ಇದೆ. ಅಲ್ಲಿ ನೋಂದಣಿ ಇಲ್ಲದೆ ಈ ವೃತ್ತಿ ನಡೆಸುವವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಎಂದು ಆ ಕಾಯ್ದೆ ಹೇಳುತ್ತದೆ. ತರಬೇತಾದವರು ಕೆಲಸ ಮಾಡಬೇಕಾದ ಸರ್ಕಾರಿ ಶಾಲೆ ಶಿಕ್ಷಣ ಇಲಾಖೆಯದು. ಸ್ವಯಂಸೇವಾ ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗೆ ಹೋದರೆ ಅದರ ಶಿಶುಕೇಂದ್ರಿತ ಅನುದಾನ ಬರುವುದು ವಿಕಲಚೇತನರ ಇಲಾಖೆಯಿಂದ. ಹೀಗೆ ಒಬ್ಬ ಶಿಕ್ಷಕಿ ಒಂದು ಕಡೆ ಕಲಿತು, ಇನ್ನೊಂದು ಕಡೆ ನೋಂದಣಿಯಾಗಿ, ಮೂರನೆಯ ಕಡೆ ದುಡಿಯುತ್ತಾಳೆ. ಮುಂದಿನ ಐದು ವರ್ಷಕ್ಕೆ ಇಂಥ ಎಷ್ಟು ಜನ ಬೇಕು, ಯಾವ ಜಿಲ್ಲೆಗೆ ಬೇಕು, ಅವರ ಕಲಿಕೆಯ ಖರ್ಚು ಯಾರು ಕೊಡಬೇಕು ಎಂದು ಲೆಕ್ಕ ಹಾಕುವ ಹೊಣೆ ಈ ಮೂರರಲ್ಲಿ ಯಾರೊಬ್ಬರ ಹೆಗಲ ಮೇಲೂ ಪೂರ್ತಿಯಾಗಿ ಬೀಳುವುದಿಲ್ಲ.

ಹಾಗಾಗಿ ಖರ್ಚು ಬಂದು ಬೀಳುವುದು ಕಲಿಯುವವರ ಮೇಲೆ. ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಸ್ವಯಂಸೇವಾ ಸಂಸ್ಥೆಗಳವು ಅಥವಾ ಖಾಸಗಿಯವು. ನನ್ನ ಬಳಿ ಕಲಿಯಲು ಬರುವವರನ್ನು ನೋಡುತ್ತೇನೆ. ಮನೆಯಲ್ಲಿ ಒಬ್ಬ ತಮ್ಮನಿಗೋ ಅಕ್ಕನ ಮಗುವಿಗೋ ಇಂಥ ತೊಂದರೆ ಇರುತ್ತದೆ, ಅದಕ್ಕೇ ಈ ದಾರಿ ಹಿಡಿದಿರುತ್ತಾರೆ. ಸಾಲ ಮಾಡಿ ಫೀಸು ಕಟ್ಟುತ್ತಾರೆ. ಕಲಿತು ಹೊರಬಂದರೆ ಕಾಯುವುದು ಗೌರವಧನದ ಕೆಲಸ. ಅನುದಾನ ಬಂದ ತಿಂಗಳು ಸಂಬಳ, ಬಾರದ ತಿಂಗಳು ಇಲ್ಲ. ಎರಡು ಮೂರು ವರ್ಷದಲ್ಲಿ ಒಳ್ಳೆಯವರು ಎಂದು ನಾವು ಗುರುತಿಸಿದವರೇ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಅವರನ್ನು ನಾನು ದೂರಲಾರೆ. ಅವರು ಕಲಿತ ವಿದ್ಯೆ ಮಾತ್ರ ಮಕ್ಕಳಿಗೆ ಸಿಗದೆ ಹೋಯಿತಲ್ಲ ಎಂದು ಸಂಕಟವಾಗುತ್ತದೆ.

ಸಾಮಾನ್ಯ ಶಿಕ್ಷಕರ ಕಡೆಗೂ ನೋಡೋಣ, ಏಕೆಂದರೆ ಇಂದು ಹೆಚ್ಚಿನ ವಿಕಲಚೇತನ ಮಕ್ಕಳು ಹೆಸರು ದಾಖಲಿಸಿರುವುದು ಊರಿನ ಸಾಮಾನ್ಯ ಶಾಲೆಯಲ್ಲೇ. ಹಾಗೇ ಆಗಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. 1995ರ ಕಾಯ್ದೆಯಲ್ಲಿ ಏಳಿದ್ದವು. ಕಲಿಕಾ ನ್ಯೂನತೆ, ಆಟಿಸಂ ಇವೆಲ್ಲ ಈಗ ಸೇರಿವೆ. ಆರರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಸಿಕ್ಕಿದೆ, ಪಕ್ಕದ ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯ ಜೊತೆಗೆ. ಆ ಮಗು ಬಂದು ಕೂರುವ ತರಗತಿಯ ಶಿಕ್ಷಕರಿಗೆ ನಾವು ಕೊಟ್ಟಿರುವುದೇನು? 2014ರ ನಂತರದ ಎರಡು ವರ್ಷದ ಬಿ.ಇಡಿ. ಚೌಕಟ್ಟಿನಲ್ಲಿ ಸಮನ್ವಯ ಶಾಲೆ ಕುರಿತದ್ದು ಅರ್ಧ ಪತ್ರಿಕೆ. 2019ರಲ್ಲಿ ಆರಂಭವಾದ ನಿಷ್ಠಾ ತರಬೇತಿ ದೇಶದ ಸುಮಾರು 42 ಲಕ್ಷ ಶಿಕ್ಷಕರನ್ನು ತಲುಪುವ ಗುರಿ ಇಟ್ಟುಕೊಂಡಿತ್ತು. ಹತ್ತಾರು ವಿಷಯಗಳ ನಡುವೆ ಸಮನ್ವಯ ಶಿಕ್ಷಣಕ್ಕೂ ಅದರಲ್ಲಿ ಜಾಗ ಸಿಕ್ಕಿತು. 2022ರಲ್ಲಿ ಪ್ರಶಸ್ತ್ ಎಂಬ ಮೊಬೈಲ್ ಆ್ಯಪ್ ಬಂದಿತು. ಮಗುವಿನ ನಡವಳಿಕೆ ಗಮನಿಸಿ, ಪ್ರಶ್ನೆಗಳಿಗೆ ಉತ್ತರ ತುಂಬಿ, ಯಾವ ವಿಕಲತೆಯ ಲಕ್ಷಣ ಇರಬಹುದೆಂದು ಶಿಕ್ಷಕರು ಗುರುತಿಸಲು ಅದು ನೆರವಾಗುತ್ತದೆ. ಒಳ್ಳೆಯ ಸಾಧನವೇ. ಆದರೆ ಗುರುತಿಸಿದ ಮರುದಿನ ಬೆಳಗ್ಗೆ ಅದೇ ಮಗು ಅದೇ ಬೆಂಚಿನಲ್ಲಿ ಕೂತಿರುತ್ತದೆ. ಶಿಕ್ಷಕರು ಏನು ಮಾಡಬೇಕು ಎಂದು ಆ ಆ್ಯಪ್ ಹೇಳಿ ಮುಗಿಸಲಾಗುವುದಿಲ್ಲ. ಪಕ್ಕದಲ್ಲಿ ಬಂದು ನಿಂತು, ಹೀಗೆ ಕೂರಿಸಿ, ಈ ಲೆಕ್ಕವನ್ನು ಹೀಗೆ ಒಡೆಯಿರಿ, ಇವನಿಗೆ ಉತ್ತರ ಬಾಯಲ್ಲಿ ಹೇಳಲು ಬಿಡಿ ಎಂದು ತೋರಿಸುವ ಒಬ್ಬರು ಬೇಕು.

ಇಲ್ಲಿಯೇ ನನಗೆ ಬಹಳ ನೋವು ಕೊಡುವ ಒಂದು ನಿಯಮವಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2011ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ವಿಶೇಷ ಶಿಕ್ಷಣದಲ್ಲಿ ಡಿ.ಇಡಿ. ಅಥವಾ ಬಿ.ಇಡಿ. ಪಡೆದವರು ಪ್ರಾಥಮಿಕ ಶಿಕ್ಷಕರಾಗಿ ನೇಮಕವಾದರೆ ಆಮೇಲೆ ಆರು ತಿಂಗಳ ಪ್ರತ್ಯೇಕ ತರಬೇತಿ ಪಡೆಯಬೇಕು. ಸಾಮಾನ್ಯ ಮಕ್ಕಳಿಗೆ ಕಲಿಸುವುದು ಬೇರೆ ಬಗೆಯ ಕೆಲಸ, ಅದಕ್ಕೆ ಸಿದ್ಧತೆ ಬೇಕು ಎಂಬ ಆಲೋಚನೆ ಅದರ ಹಿಂದಿದೆ. ಒಪ್ಪುತ್ತೇನೆ. ಹಾಗಾದರೆ ಸಾಮಾನ್ಯ ಬಿ.ಇಡಿ. ಮುಗಿಸಿ ಬಂದವರ ತರಗತಿಗೆ ಕಣ್ಣು ಕಾಣದ ಮಗು ಬಂದಾಗ ಅವರಿಗೆ ಯಾವ ಆರು ತಿಂಗಳು? ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಆರು ತಿಂಗಳು ಬೇಕಾದರೆ ಆ ಕಡೆಯಿಂದ ಈ ಕಡೆಗೆ ಬರಲೂ ಅಷ್ಟೇ ಬೇಕು. ಈ ಮಾತನ್ನು ಸದನದಲ್ಲಿ ಯಾರಾದರೂ ಎತ್ತಿ ಕೇಳಬೇಕೆಂದು ನಾನು ಬಹುಕಾಲದಿಂದ ಆಸೆಪಟ್ಟಿದ್ದೇನೆ.

ಹೊಸದಾಗಿ ಕಂಡುಹಿಡಿಯಬೇಕಾದದ್ದು ಹೆಚ್ಚೇನೂ ಇಲ್ಲ. ನಮ್ಮ ದೇಶದಲ್ಲೇ ಒಮ್ಮೆ ಸರಿಯಾಗಿ ಮಾಡಿದ್ದೇವೆ. 1987ರಲ್ಲಿ ಯುನಿಸೆಫ್ ನೆರವಿನಿಂದ ಕೇಂದ್ರ ಸರ್ಕಾರ ವಿಕಲಚೇತನ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆಯೊಂದನ್ನು ಆರಂಭಿಸಿತು. ಒಂದೊಂದು ಶಾಲೆಯನ್ನು ಹಿಡಿಯುವ ಬದಲು ಇಡೀ ಬ್ಲಾಕನ್ನೇ ಒಂದು ಘಟಕವಾಗಿ ಹಿಡಿದರು. ತರಬೇತಿಯನ್ನು ಮೂರು ಪದರದಲ್ಲಿ ಜೋಡಿಸಿದರು. ಬ್ಲಾಕಿನ ಎಲ್ಲ ಶಿಕ್ಷಕರಿಗೂ ಸುಮಾರು ಒಂದು ವಾರದ ತಿಳಿವಳಿಕೆ. ಅವರಲ್ಲಿ ಹತ್ತರಲ್ಲೊಬ್ಬರಿಗೆ ಆರು ವಾರಗಳ ಆಳದ ತರಬೇತಿ. ಪ್ರತಿ ಬ್ಲಾಕಿನಿಂದ ಎಂಟು ಹತ್ತು ಮಂದಿಗೆ ಒಂದು ಪೂರ್ತಿ ವರ್ಷ, ಎಲ್ಲ ಬಗೆಯ ವಿಕಲತೆಗಳ ಬಗ್ಗೆ. ಆ ಒಂದು ವರ್ಷದ ತರಬೇತಿ ನಡೆದದ್ದು ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಕಾಲೇಜುಗಳಲ್ಲಿ. ನಮ್ಮ ಮೈಸೂರಿನದೂ ಅದರಲ್ಲಿ ಒಂದು. ಅಲ್ಲಿ ಕಲಿತು ಊರಿಗೆ ಹಿಂತಿರುಗಿದವರು ಬ್ಲಾಕಿನ ಉಳಿದ ಶಿಕ್ಷಕರ ಬೆನ್ನಿಗೆ ನಿಂತರು. ವಾರದ ತರಬೇತಿ ಪಡೆದವರಿಗೆ ಸಂದೇಹ ಬಂದರೆ ಆರು ವಾರದವರನ್ನು ಕೇಳಬಹುದಿತ್ತು, ಅವರಿಗೂ ತಿಳಿಯದಿದ್ದರೆ ವರ್ಷದ ತರಬೇತಿಯವರು ಅದೇ ಬ್ಲಾಕಿನಲ್ಲಿದ್ದರು. ಈ ಜೋಡಣೆಯೇ ಅದರ ಜೀವ.

ಆನಂತರ ಬಂದ ಯೋಜನೆಗಳಲ್ಲಿ ಈ ಮೂರು ಪದರಗಳು ಬೇರೆ ಬೇರೆಯಾಗಿ ಉಳಿದವು. ಎಲ್ಲರಿಗೂ ಕೆಲವು ದಿನಗಳ ತರಬೇತಿ ಮುಂದುವರಿಯಿತು. ಅದು ಅಗ್ಗ, ಲೆಕ್ಕ ತೋರಿಸಲು ಸುಲಭ, ಒಂದೇ ತಿಂಗಳಲ್ಲಿ ಸಾವಿರಾರು ಜನ ತರಬೇತಾದರು ಎಂದು ವರದಿ ಬರೆಯಬಹುದು. ದೀರ್ಘ ತರಬೇತಿ ಮಾತ್ರ ಖಾಸಗಿ ಫೀಸಿನ ಕೋರ್ಸಾಗಿ ಹೊರಗೆ ಉಳಿಯಿತು.

ನಮ್ಮಲ್ಲಿ ಇಂದು ನಡುವಿನ ಪದರದ ಭಾರವನ್ನೆಲ್ಲ ಹೊತ್ತವರು ಬಿಐಇಆರ್‌ಟಿಗಳು, ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಕೂರುವ ಈ ಸಂಪನ್ಮೂಲ ಶಿಕ್ಷಕರಲ್ಲಿ ಹಲವರು ಸಾಮಾನ್ಯ ಶಿಕ್ಷಕರಾಗಿ ಸೇವೆಗೆ ಸೇರಿ, ಅಲ್ಪಾವಧಿ ತರಬೇತಿ ಪಡೆದು ಇಲ್ಲಿಗೆ ಬಂದವರು. ಇಡೀ ತಾಲ್ಲೂಕಿನ ವಿಶೇಷ ಅಗತ್ಯವುಳ್ಳ ಮಕ್ಕಳು ಇವರ ಪಾಲಿಗೆ. ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಮಕ್ಕಳನ್ನು ಕರೆತರುವುದು, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸುವುದು, ಗಾಲಿಕುರ್ಚಿ, ಕ್ಯಾಲಿಪರ್, ಶ್ರವಣಸಾಧನ ಕೊಡಿಸುವುದು, ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯ ಶಿಷ್ಯವೇತನ ಇವುಗಳ ಲೆಕ್ಕ ಇಡುವುದು, ಶಾಲಾ ಸಿದ್ಧತಾ ಕೇಂದ್ರ ನೋಡಿಕೊಳ್ಳುವುದು, ಇದೆಲ್ಲದರ ನಡುವೆ ವಾರಕ್ಕೊಮ್ಮೆಯಾದರೂ ಗೃಹಾಧಾರಿತ ಮಕ್ಕಳ ಮನೆಗೆ ಹೋಗುವುದು. ಬಸ್ಸಿಲ್ಲದ ಹಳ್ಳಿಗೆ ಸ್ವಂತ ಬೈಕಿನಲ್ಲಿ ಹೋಗಿ, ಮಲಗಿದಲ್ಲೇ ಇರುವ ಮಗುವಿಗೆ ಬಣ್ಣ ತೋರಿಸಿ, ತಾಯಿಗೆ ಕಾಲು ಮಡಿಸಿ ಬಿಚ್ಚುವ ವ್ಯಾಯಾಮ ಹೇಳಿಕೊಟ್ಟು ಬರುವವರನ್ನು ನಾನು ಬಲ್ಲೆ. ಆ ತಾಯಂದಿರು ಇವರ ದಾರಿ ಕಾಯುತ್ತಾರೆ. ವಾರದಲ್ಲಿ ಆ ಮಗುವಿನ ಹೆಸರು ಹಿಡಿದು ಕೂಗಿ ಮನೆಯೊಳಗೆ ಬರುವ ಹೊರಗಿನವರು ಇವರೊಬ್ಬರೇ ಆಗಿರುತ್ತಾರೆ. ಇಂಥವರಿಗೆ ಇನ್ನಷ್ಟು ಕಲಿಯುವ ಅವಕಾಶವನ್ನು ಸರ್ಕಾರ ಸಂಬಳಸಹಿತ ಕೊಟ್ಟರೆ ಅದರ ಫಲ ನೇರವಾಗಿ ಆ ಜಗಲಿಗೇ ತಲುಪುತ್ತದೆ.

ಹೊರದೇಶದ ಒಂದು ಉದಾಹರಣೆ ಹೇಳಬೇಕು. 1958ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಚಿಕ್ಕ ಕಾನೂನು ಮಾಡಿತು. ಬೌದ್ಧಿಕ ವಿಕಲತೆಯ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನು ತಯಾರುಮಾಡಬಲ್ಲವರು ಯಾರು ಎಂದು ಕೇಳಿಕೊಂಡು, ಆ ತರಬೇತುದಾರರನ್ನು ತಯಾರುಮಾಡಲು ವಿಶ್ವವಿದ್ಯಾಲಯಗಳಿಗೆ ಹಣ ಕೊಟ್ಟಿತು. 1961ರಲ್ಲಿ ಕಿವುಡ ಮಕ್ಕಳ ಶಿಕ್ಷಕರ ತರಬೇತಿಗೂ ನೆರವು ಬಂತು. ಪ್ರತಿಯೊಂದು ವಿಕಲಚೇತನ ಮಗುವಿಗೂ ಸಾರ್ವಜನಿಕ ಶಾಲೆಯಲ್ಲಿ ಕಲಿಯುವ ಹಕ್ಕನ್ನು ಕೊಟ್ಟ ಅಲ್ಲಿನ ಕಾಯ್ದೆ ಬಂದದ್ದು 1975ರಲ್ಲಿ, ಅಂದರೆ ಕಲಿಸುವವರ ತಯಾರಿ ಶುರುವಾಗಿ 17 ವರ್ಷಗಳ ನಂತರ. ಇಂದು ಅಲ್ಲಿ ಕೇಂದ್ರ ಸರ್ಕಾರದ ಹಣದಿಂದ ವಿಶೇಷ ಶಿಕ್ಷಣ ಓದಿದವರು, ನೆರವು ಪಡೆದ ಪ್ರತಿ ವರ್ಷಕ್ಕೆ ಎರಡು ವರ್ಷದಂತೆ ಅದೇ ಕ್ಷೇತ್ರದಲ್ಲಿ ದುಡಿಯಬೇಕು, ಇಲ್ಲವಾದರೆ ಹಣ ಮರಳಿಸಬೇಕು. ಅಲ್ಲಿಯೂ ವಿಶೇಷ ಶಿಕ್ಷಕರ ಕೊರತೆ ತೀರಿಲ್ಲ, ಅದು ಸತ್ಯ. ಆದರೂ ಅವರ ಕ್ರಮದಿಂದ ನಾವು ತೆಗೆದುಕೊಳ್ಳಬಹುದಾದದ್ದು ಇದೆ: ಹಣ, ಕಲಿಕೆ, ಕೆಲಸ ಮೂರನ್ನೂ ಒಂದೇ ಕರಾರಿನಲ್ಲಿ ಕಟ್ಟಿದ್ದಾರೆ.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 2016ರ ಕಾಯ್ದೆಯ 17ನೇ ಪ್ರಕರಣ ಸರ್ಕಾರದ ಕರ್ತವ್ಯಗಳನ್ನು ಪಟ್ಟಿ ಮಾಡುವಾಗ, ಶಿಕ್ಷಕರಿಗೆ ತರಬೇತಿ ಕೊಡುವುದನ್ನೂ ಅವರನ್ನು ನೇಮಿಸಿಕೊಳ್ಳುವುದನ್ನೂ ಒಂದೇ ಖಂಡದಲ್ಲಿ ಸೇರಿಸಿದೆ. ಸಂಕೇತ ಭಾಷೆ, ಬ್ರೈಲ್ ಬಲ್ಲ ವಿಕಲಚೇತನ ಶಿಕ್ಷಕರನ್ನೂ ಹೆಸರಿಸಿದೆ. ಕಣ್ಣು ಕಾಣದ ಶಿಕ್ಷಕರೊಬ್ಬರು ಬ್ರೈಲ್ ಕಲಿಸಲು ಬಂದಾಗ ಮಕ್ಕಳ ಮುಖದಲ್ಲಿ ಬರುವ ಧೈರ್ಯವನ್ನು ನೋಡಿದವರಿಗೆ ಆ ಮಾತಿನ ಬೆಲೆ ತಿಳಿಯುತ್ತದೆ.

ಉತ್ತರ ಪ್ರದೇಶದ ಗುತ್ತಿಗೆ ವಿಶೇಷ ಶಿಕ್ಷಕರು ಹೂಡಿದ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 28ರಂದು ತೀರ್ಪು ಕೊಟ್ಟಿತು. ವಿಶೇಷ ಅಗತ್ಯವುಳ್ಳ ಎಷ್ಟು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕು ಎಂಬ ಅನುಪಾತವನ್ನು ಕೇಂದ್ರ ಸರ್ಕಾರ ನಿಗದಿಮಾಡಬೇಕು ಎಂದು ಅದು ಸೂಚಿಸಿತು. ಸಾಕಷ್ಟು ಜನ ಸಿಗುವವರೆಗೆ ಸುತ್ತಲಿನ ಶಾಲೆಗಳು ಒಬ್ಬರನ್ನು ಹಂಚಿಕೊಳ್ಳಬಹುದು ಎಂದೂ, ಉಳಿದ ಶಿಕ್ಷಕರಿಗೂ ಸಿಬ್ಬಂದಿಗೂ ಈ ಮಕ್ಕಳನ್ನು ನೋಡಿಕೊಳ್ಳುವ ತರಬೇತಿ ಕಡ್ಡಾಯವಾಗಬೇಕು ಎಂದೂ ನ್ಯಾಯಾಲಯ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ, ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಅನುಪಾತವನ್ನು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೆ ಸೇರಿಸಿತು. 2025ರ ಮಾರ್ಚ್ 7ರಂದು ಅದೇ ಪ್ರಕರಣದಲ್ಲಿ ನ್ಯಾಯಾಲಯ ಮತ್ತೆ ಆದೇಶ ಕೊಡಬೇಕಾಯಿತು: ರಾಜ್ಯಗಳು ಮೂರು ವಾರದೊಳಗೆ ಮಂಜೂರಾದ ಹುದ್ದೆಗಳ ಸಂಖ್ಯೆ ಪ್ರಕಟಿಸಬೇಕು, ಆಮೇಲೆ ನೇಮಕಾತಿ ಆರಂಭಿಸಬೇಕು, ಈಗಾಗಲೇ ಗುತ್ತಿಗೆ, ದಿನಗೂಲಿ ಆಧಾರದಲ್ಲಿ ದುಡಿಯುತ್ತಿರುವ ಅರ್ಹರನ್ನು ಪರಿಶೀಲನಾ ಸಮಿತಿಯ ಮೂಲಕ ನೋಡಿ ವೇತನಶ್ರೇಣಿಗೆ ತರಬೇಕು.

ಹತ್ತಕ್ಕೆ ಒಬ್ಬರು ಎಂಬ ಲೆಕ್ಕವನ್ನು ಸ್ವಲ್ಪ ಯೋಚಿಸಿ ನೋಡಿ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಎಲ್ಲ ವಯಸ್ಸಿನವರೂ ಸೇರಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಆಗ ಎಣಿಸಿದ್ದು ಇಂದಿನ 21 ಬಗೆಗಳನ್ನಲ್ಲ. ಕಲಿಕಾ ನ್ಯೂನತೆಯ ಮಕ್ಕಳು ಆ ಲೆಕ್ಕದಲ್ಲಿ ಪ್ರತ್ಯೇಕವಾಗಿ ಇರಲೇ ಇಲ್ಲ. ಸರಿಯಾಗಿ ಹುಡುಕಿದರೆ ಮಕ್ಕಳ ಸಂಖ್ಯೆ ಬೆಳೆಯುತ್ತದೆ, ಬೇಕಾದ ಶಿಕ್ಷಕರ ಸಂಖ್ಯೆಯೂ ಬೆಳೆಯುತ್ತದೆ. ಹುದ್ದೆ ಮಂಜೂರಾದ ದಿನವೇ ಅಷ್ಟು ಮಂದಿ ತರಬೇತಾದವರು ಸಿಗುವುದಿಲ್ಲ. ಇಂದು ಸೇರಿಸಿಕೊಂಡವರು ತಯಾರಾಗಲು ಎರಡು ವರ್ಷ ಬೇಕು. ಹುದ್ದೆಯಿಲ್ಲದ ತರಬೇತಿಯಿಂದ ಕಲಿತವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ತರಬೇತಿಯಿಲ್ಲದ ಹುದ್ದೆಗಳು ‘ಅರ್ಹ ಅಭ್ಯರ್ಥಿಗಳು ಲಭ್ಯವಿಲ್ಲ’ ಎಂಬ ಷರಾದೊಂದಿಗೆ ಖಾಲಿ ಉಳಿಯುತ್ತವೆ. ಎರಡನ್ನೂ ಒಂದೇ ಸರ್ಕಾರಿ ಆದೇಶದಲ್ಲಿ, ಒಂದೇ ಬಜೆಟ್ ಶೀರ್ಷಿಕೆಯಲ್ಲಿ ತರಬೇಕು ಎಂಬುದೇ ನನ್ನ ಕೋರಿಕೆ.

ಅದು ಹೇಗೆ ಸಾಧ್ಯ ಎಂದರೆ, ಪ್ರತಿ ತಾಲ್ಲೂಕಿನಿಂದ ಆಸಕ್ತಿಯಿರುವ ಸರ್ಕಾರಿ ಪ್ರಾಥಮಿಕ ಶಿಕ್ಷಕರಿಗೆ ವೇತನಸಹಿತ ನಿಯೋಜನೆ ಕೊಟ್ಟು ಆರ್‌ಸಿಐ ಮಾನ್ಯತೆಯ ಪೂರ್ಣಾವಧಿ ಕೋರ್ಸಿಗೆ ಕಳಿಸಬಹುದು. ಹಿಂತಿರುಗಿ ಬಂದು ಅದೇ ತಾಲ್ಲೂಕಿನಲ್ಲಿ ಇಂತಿಷ್ಟು ವರ್ಷ ವಿಶೇಷ ಶಿಕ್ಷಕರಾಗಿಯೇ ದುಡಿಯುತ್ತೇವೆ ಎಂಬ ಕರಾರು ಪತ್ರ ಬರೆಸಿಕೊಳ್ಳಬಹುದು. ಅವರನ್ನು ಚುನಾವಣೆ, ಗಣತಿಗಳ ಬೇರೆ ಕೆಲಸಕ್ಕೆ ಎಳೆಯಬಾರದು. ಹೊಸಬರಿಗೆ, ಅದರಲ್ಲೂ ಬಡ ಮನೆಗಳ ಹೆಣ್ಣುಮಕ್ಕಳಿಗೆ, ಫೀಸು ಮತ್ತು ಶಿಷ್ಯವೇತನವನ್ನು ಸರ್ಕಾರ ಕೊಟ್ಟು ಅದೇ ಕರಾರು ಅನ್ವಯಿಸಬಹುದು. ಕಲ್ಯಾಣ ಕರ್ನಾಟಕದವರ ಬಗ್ಗೆ ಒಂದು ಮಾತು. ಬೀದರ್, ಯಾದಗಿರಿ ಕಡೆಯ ಹುಡುಗಿಯೊಬ್ಬಳು ಈ ತರಬೇತಿಗಾಗಿ ಮೈಸೂರಿಗೋ ಬೆಂಗಳೂರಿಗೋ ಬರಬೇಕಾದರೆ ಮನೆಯವರು ಕಳಿಸುವುದು ಕಷ್ಟ, ಬಂದವಳು ಆ ಕಡೆಗೆ ಮರಳುವುದೂ ಕಡಿಮೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಅಲ್ಲಿಯೇ ಸರ್ಕಾರಿ ಸೀಟುಗಳನ್ನು ತೆರೆಯಲು ಕೇಳಬಹುದು. ಈಶಾನ್ಯ ಕ್ಷೇತ್ರದ ಸದಸ್ಯರು ಇದನ್ನು ತಮ್ಮದೇ ಕೆಲಸವೆಂದು ಹಿಡಿಯಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರತಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲೂ (ಡಯಟ್) ಈ ವಿಷಯ ಕಲಿಸಬಲ್ಲ ಆರ್‌ಸಿಐ ನೋಂದಾಯಿತ ಉಪನ್ಯಾಸಕರು ಬೇಕು. ತರಬೇತುದಾರರು ಬ್ರೈಲ್ ಹಾಳೆ ಮುಟ್ಟದವರಾದರೆ, ಸಂಕೇತ ಭಾಷೆಯಲ್ಲಿ ಒಂದು ವಾಕ್ಯವನ್ನೂ ಹೇಳದವರಾದರೆ, ತರಬೇತಿ ಪಿಪಿಟಿಯಲ್ಲೇ ಮುಗಿಯುತ್ತದೆ. ವೃಂದ ಮತ್ತು ನೇಮಕಾತಿ ನಿಯಮಗಳ ಮಾತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವಿಶೇಷ ಶಿಕ್ಷಕ ಎಂಬುದು ತಾತ್ಕಾಲಿಕ ಯೋಜನೆಯ ಕೆಲಸವಾಗಿ ಉಳಿಯದೆ ಇಲಾಖೆಯ ಸ್ವಂತ ವೃಂದವಾಗಬೇಕು, ಬಡ್ತಿಯ ದಾರಿ ಸಹಿತ.

ಈ ಪತ್ರ ನಿಮ್ಮ ಕೈ ಸೇರಿದಾಗ ನಿಮ್ಮಲ್ಲೊಬ್ಬರು ಮುಂದಿನ ಅಧಿವೇಶನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಕಳಿಸಬೇಕೆಂದು ಕೋರುತ್ತೇನೆ. ನಿಮಗೆ ಅನುಕೂಲವಾಗಲೆಂದು ಅದರ ಕರಡನ್ನು ಇಲ್ಲಿಯೇ ಬರೆದಿದ್ದೇನೆ. ಪದಗಳನ್ನು ಸದನದ ಪದ್ಧತಿಗೆ ತಕ್ಕಂತೆ ತಿದ್ದಿಕೊಳ್ಳಿ.

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ:

(ಅ) ದಿನಾಂಕ 7.3.2025ರ ಸುಪ್ರೀಂ ಕೋರ್ಟ್ ಆದೇಶದಂತೆ ರಾಜ್ಯದಲ್ಲಿ ವಿಶೇಷ ಶಿಕ್ಷಕರ ಎಷ್ಟು ಹುದ್ದೆಗಳನ್ನು ಮಂಜೂರು ಮಾಡಲಾಗಿದೆ, ಎಷ್ಟು ಭರ್ತಿಯಾಗಿವೆ? (ತಾಲ್ಲೂಕುವಾರು ವಿವರ ನೀಡುವುದು)

(ಆ) ಹತ್ತು ಮಕ್ಕಳಿಗೆ ಒಬ್ಬರಂತೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರಂತೆ ನೇಮಿಸಲು ಮುಂದಿನ ಐದು ವರ್ಷಗಳಲ್ಲಿ ಬೇಕಾಗುವ ತರಬೇತಾದ ವಿಶೇಷ ಶಿಕ್ಷಕರ ಸಂಖ್ಯೆ ಎಷ್ಟು, ರಾಜ್ಯದಲ್ಲಿ ವರ್ಷಕ್ಕೆ ತರಬೇತಿ ಮುಗಿಸುವವರು ಎಷ್ಟು?

(ಇ) ಈ ತರಬೇತಿಯ ಫೀಸು, ಶಿಷ್ಯವೇತನ ಹಾಗೂ ಸೇವಾನಿರತ ಶಿಕ್ಷಕರ ವೇತನಸಹಿತ ನಿಯೋಜನೆಗೆ ಪ್ರಸಕ್ತ ಆಯವ್ಯಯದಲ್ಲಿ ಒದಗಿಸಿರುವ ಮೊತ್ತ ಎಷ್ಟು?

(ಈ) ಗೌರವಧನ ಮತ್ತು ಗುತ್ತಿಗೆ ಆಧಾರದಲ್ಲಿ ದುಡಿಯುತ್ತಿರುವ ಅರ್ಹ ವಿಶೇಷ ಶಿಕ್ಷಕರ ಪರಿಶೀಲನಾ ಸಮಿತಿ ಯಾವಾಗ ಸಭೆ ಸೇರಿದೆ, ಎಷ್ಟು ಜನರನ್ನು ವೇತನಶ್ರೇಣಿಗೆ ಶಿಫಾರಸು ಮಾಡಿದೆ?

ಉತ್ತರ ಬಂದ ದಿನ ಅದರ ಪ್ರತಿಯನ್ನು ನಿಮ್ಮ ಕ್ಷೇತ್ರದ ಎಲ್ಲ ಬಿಐಇಆರ್‌ಟಿಗಳಿಗೂ ವಿಶೇಷ ಶಾಲೆಗಳಿಗೂ ಕಳಿಸಿಕೊಡಿ. ಅಂಕಿಗಳು ಸರಿಯಿವೆಯೇ ಎಂದು ಪ್ರತಿ ತಾಲ್ಲೂಕಿನಿಂದ ನಾವು ಬರೆದು ತಿಳಿಸುತ್ತೇವೆ, ಮುಂದಿನ ಪ್ರಶ್ನೆಗೆ ಬೇಕಾದ ಮಾಹಿತಿಯನ್ನೂ ಒದಗಿಸುತ್ತೇವೆ.

ತಮ್ಮ ವಿಶ್ವಾಸಿ,
ಶ್ರವಣದೋಷವುಳ್ಳ ಮಕ್ಕಳ ಒಬ್ಬ ಶಿಕ್ಷಕಿ